ಪಾತ್ರೆಯ ಪ್ರಶ್ನೆ

ಪ್ರವಾಸ ಹೊರಡುವ ಜನರಲ್ಲಿ ಎರಡು ಪಂಗಡಗಳುಂಟು. ಅಲ್ಲಿ ನೋಡುವುದೇನಿದೆ ಎಂದು ಮೊದಲು ಕೇಳುವವರದು ಒಂದು; ಅಲ್ಲಿ ಉಣ್ಣುವುದೆಲ್ಲಿ ಎಂದು ಮೊದಲು ಕೇಳುವವರದು ಇನ್ನೊಂದು. ಮೊದಲಿನವರನ್ನು ಲೋಕ ರಸಿಕರೆಂದು ಕೊಂಡಾಡುತ್ತದೆ. ಎರಡನೆಯವರನ್ನು ಹೊಟ್ಟೆಬಾಕರೆಂದು ನಗುತ್ತದೆ. ಇದು ಶುದ್ಧ ಅನ್ಯಾಯ. ಎರಡನೆಯ ಪಂಗಡದಲ್ಲಿ ಹೊಟ್ಟೆಬಾಕರಿಗಿಂತ ನೇಮಸ್ಥರ ಸಂಖ್ಯೆಯೇ ದೊಡ್ಡದು. ಬೆಳ್ಳುಳ್ಳಿ ಮುಟ್ಟದವರು, ಏಕಾದಶಿ ಬಿಡದವರು, ಕತ್ತಲಾದ ಮೇಲೆ ಉಣ್ಣದ ಜೈನರು, ವೈದ್ಯರ ಚೀಟಿಯನ್ನು ಜೇಬಿನಲ್ಲಿಟ್ಟುಕೊಂಡು ತಿರುಗುವ ಸಕ್ಕರೆ ಕಾಯಿಲೆಯವರು, ನಮ್ಮಂಥ ಮುಸಲ್ಮಾನರು—ನಾವೆಲ್ಲ ಒಂದೇ ಕುಲ. 'ಇದರಲ್ಲಿ ಏನೇನು ಹಾಕಿದ್ದೀರಿ?' ಎಂಬುದೇ ನಮ್ಮ ಕುಲಮಂತ್ರ.

ಈ ಕುಲದ ನಾಲ್ವರು ಸೇರಿ 2027ರ ವಸಂತದಲ್ಲಿ ಚೀನಾ ದೇಶದ ಹಳೆಯ ಪಟ್ಟಣಗಳನ್ನು ನೋಡಿಬರಬೇಕೆಂದು ನಿಶ್ಚಯಿಸಿದ್ದೇವೆ: ನಾನು, ನನ್ನಾಕೆ, ಪಕ್ಕದ ಮನೆಯ ರಾಯರು, ಅವರ ಮನೆಯವರು. ನಾನು ಬ್ಯಾಂಕಿನಲ್ಲಿ ಲೆಕ್ಕ ಬರೆದು ನಿವೃತ್ತನಾದವನು. ರಾಯರು ಹೈಸ್ಕೂಲಿನಲ್ಲಿ ಇತಿಹಾಸ ಹೇಳಿ ನಿವೃತ್ತರಾದವರು. ಮೈಸೂರಿನಲ್ಲಿ ಒಂದೇ ಕಾಂಪೌಂಡು ಗೋಡೆಯ ಎರಡು ಬದಿಗೆ ಮೂವತ್ತು ವರ್ಷ ಬಾಳಿದ್ದೇವೆ. ಈದ್ ಹಬ್ಬದ ಬೆಳಗ್ಗೆ ಆ ಗೋಡೆಯ ಮೇಲಿನಿಂದ ಶೀರ್‌ಖುರ್ಮ ದಾಟಿಹೋಗುತ್ತದೆ. ಹಾಲು, ಶಾವಿಗೆ, ಖರ್ಜೂರ, ಗೋಡಂಬಿ—ಅದರಲ್ಲಿ ಯಾರೂ ಆಕ್ಷೇಪಿಸುವಂಥದೇನೂ ಇಲ್ಲ. ಆದರೂ ಅದನ್ನು ಕಾಯಿಸಲೆಂದೇ ನನ್ನಾಕೆ ಕಲಾಯಿ ಹಾಕಿಸಿದ ಒಂದು ಹಿತ್ತಾಳೆಯ ಪಾತ್ರೆಯನ್ನು ಬೇರೆ ಎತ್ತಿಟ್ಟಿದ್ದಾಳೆ. ಮಾಂಸದ ಸೌಟು ಅದರ ಹತ್ತಿರ ಸುಳಿಯುವುದಿಲ್ಲ. ಬೇರೆ ಪಾತ್ರೆಯೇ ಎಂದು ರಾಯರು ಈ ಮೂವತ್ತು ವರ್ಷದಲ್ಲಿ ಒಮ್ಮೆಯೂ ಕೇಳಲಿಲ್ಲ. ಹೌದೆಂದು ಆಕೆ ಒಮ್ಮೆಯೂ ಹೇಳಲಿಲ್ಲ. ಕೇಳದೆ ಹೇಳದೆ ತಿಳಿದುಕೊಳ್ಳುವ ಇಂಥ ಸಂಗತಿಗಳ ಮೇಲೆಯೇ ನೆರೆಹೊರೆ ನಿಂತಿರುತ್ತದೆಂದು ಕಾಣುತ್ತದೆ.

ಆದರೆ ಚೀನಾ ದೇಶದಲ್ಲಿ ಕೇಳಲೇಬೇಕು. ನಾವು ಹೋಗುತ್ತೇವೆಂದು ತಿಳಿದ ಬಂಧುಗಳೆಲ್ಲ ಹಾವು, ಕಪ್ಪೆ, ಚೇಳು ಎಂದು ಹೆದರಿಸಿದರು. ಹಾವಿನ ಭಯ ದೊಡ್ಡದಲ್ಲ. ಹಾವು ಹಾವಿನಂತೆಯೇ ಕಾಣುತ್ತದೆ. ಭಯವಿರುವುದು ಕಾಣದೆ ಸೇರುವ ವಸ್ತುವಿನಲ್ಲಿ. ಚೀನೀ ಮಾತಿನಲ್ಲಿ 'ರೋ' ಎಂದರೆ ಮಾಂಸ. ಯಾವ ಮಾಂಸವೆಂದು ಹೇಳದೆ ಬರಿದೇ 'ರೋ' ಎಂದರೆ ಅದು ಹಂದಿಯದೆಂದೇ ಅರ್ಥ. ಸೊಪ್ಪಿನ ಪಲ್ಯವನ್ನು ಹಂದಿಯ ಕೊಬ್ಬಿನಲ್ಲಿ ಬಾಡಿಸುವುದುಂಟು. ಕೋಳಿ, ಮೀನುಗಳಿಗೆ ಅಕ್ಕಿಯ ಮದ್ಯವನ್ನು ಚಿಮುಕಿಸುವುದುಂಟು. ಹೀಗಾಗಿ ನಾನು ನಂಬುವ ಕೋಳಿಯೂ ರಾಯರು ನಂಬುವ ಸೊಪ್ಪೂ ಒಂದೇ ಬಾಣಲೆಯಲ್ಲಿ ನಮ್ಮಿಬ್ಬರಿಗೂ ದ್ರೋಹ ಮಾಡಬಹುದು. ಸಮಾನ ಅಪಾಯದಷ್ಟು ಜನರನ್ನು ಹತ್ತಿರ ತರುವುದು ಬೇರೊಂದಿಲ್ಲ. ಅಂದಿನಿಂದ ಸಂಜೆಯ ಕಾಫಿ ನಮ್ಮ ಜಗಲಿಯ ಮೇಲೆ, ಭೂಪಟದ ಸಮೇತ.

ಈ ಪ್ರಶ್ನೆಗೆ ಉತ್ತರ ಎರಡು ಅಕ್ಷರಗಳಲ್ಲಿದೆ. 'ಚಿಂಗ್‌ಝೆನ್' ಎಂದು ಅದರ ಉಚ್ಚಾರ. 'ಚಿಂಗ್' ಎಂದರೆ ನಿರ್ಮಲ, 'ಝೆನ್' ಎಂದರೆ ಸತ್ಯ. ನಾವು ಹಲಾಲ್ ಎನ್ನುವುದನ್ನು ಚೀನೀ ಮುಸಲ್ಮಾನರು ತಮ್ಮ ಭಾಷೆಯಲ್ಲಿ ಹೀಗೆ ಹೇಳಿಕೊಂಡಿದ್ದಾರೆ. ಅವರ ಮಸೀದಿಯೂ 'ಚಿಂಗ್‌ಝೆನ್ ಸ'ವೇ. ಮೊದಲ ಅಕ್ಷರದ ಎಡಕ್ಕೆ ನೀರಿನ ಮೂರು ಹನಿಗಳಂಥ ಗೆರೆಗಳಿರುತ್ತವೆ. ಅಂಗಡಿಯ ಫಲಕದಲ್ಲಿ ಆ ಮೂರು ಹನಿಯನ್ನು ಮೊದಲು ಹುಡುಕಿ, ಆಮೇಲೆ ಉಳಿದುದನ್ನು ನಮ್ಮ ಚೀಟಿಯೊಡನೆ ಹೋಲಿಸಿ ನೋಡುವುದು—ಇದು ನಾವು ಹಾಕಿಕೊಂಡ ಪದ್ಧತಿ. ರಾಯರ ಅಕ್ಷರ ಬೇರೆ: 'ಸು'. ಸಾದಾ ಎಂದೂ ಸಸ್ಯಾಹಾರವೆಂದೂ ಅದಕ್ಕೆ ಅರ್ಥ. ಚೀನಾದ ಬೌದ್ಧರ ಅಡಿಗೆಯಲ್ಲಿ ಮಾಂಸವಷ್ಟೇ ಅಲ್ಲ, ಈರುಳ್ಳಿ ಬೆಳ್ಳುಳ್ಳಿಗಳಿಗೂ ಪ್ರವೇಶವಿಲ್ಲವೆಂದು ಓದಿ ರಾಯರು ಕುರ್ಚಿಯಿಂದ ಎದ್ದೇ ನಿಂತರು. "ಸಾಹೇಬರೇ, ಇದು ನಮ್ಮಜ್ಜಿಯ ಮಡಿ ಅಡಿಗೆ! ಅಷ್ಟು ದೂರ ಹೋಗಿ ಕೂತಿದೆಯಲ್ಲ!" ಚಿಂಗ್‌ಝೆನ್ ಅಂಗಡಿ ಅವರಿಗೆ ಅರ್ಧ ಉಪಯೋಗ, ಅಲ್ಲಿ ಹಂದಿಯ ಭಯವಿಲ್ಲ, ದನ ಕುರಿಗಳ ಎಸರು ಇದ್ದೇ ಇರುತ್ತದೆ. ಅವರ ಸು ಅಂಗಡಿ ನನಗೆ ಮುಕ್ಕಾಲು ಉಪಯೋಗ. ಮಾಂಸದ ಮಾತಿಲ್ಲ, ಮದ್ಯ ಬೆರೆಸಿಲ್ಲವೇ ಎಂದು ಕೇಳಿಕೊಂಡರೆ ಸಾಕು. ದೊಡ್ಡ ಊರುಗಳಲ್ಲಿ ಎರಡೂ ಸಿಕ್ಕುತ್ತವೆ. ಸಿಕ್ಕದ ಹೊತ್ತಿಗೆ ಚಟ್ನಿಪುಡಿ, ಅವಲಕ್ಕಿ, ಪುಟ್ಟ ವಿದ್ಯುತ್ ಒಲೆ. ಹಿತ್ತಾಳೆಯ ಪಾತ್ರೆಯೂ ಬರುತ್ತದೆಯೆಂದು ನನ್ನಾಕೆ ತೀರ್ಪು ಕೊಟ್ಟಾಗಿದೆ.

ಊಟದ ನಂತರ ಕಾಲ. ವಸಂತವೆಂದು ಬಾಯಲ್ಲಿ ಹೇಳುವುದು ಸುಲಭ. ಪಂಚಾಂಗದಲ್ಲಿ ಹುಡುಕುವುದು ಕಷ್ಟ. ನಮ್ಮದು ಚಂದ್ರನನ್ನು ನಂಬಿದ ಕ್ಯಾಲೆಂಡರು. 2027ರಲ್ಲಿ ರಂಜಾನ್ ಮಾರ್ಚಿಯ ಮೊದಲ ಭಾಗದಲ್ಲಿ ಮುಗಿಯುತ್ತದೆ; ಬಕ್ರೀದ್ ಮೇ ತಿಂಗಳ ನಡುವೆ ಬರುತ್ತದೆ. ಉಪವಾಸವಿದ್ದು ಊರೂರು ಅಲೆಯುವುದು ಬೇಡ, ಹಬ್ಬಕ್ಕೆ ಮನೆಯಲ್ಲಿರಬೇಕು. ಉಳಿದದ್ದು ಎರಡು ತಿಂಗಳು. ಅದರೊಳಗೆ ಚೀನೀಯರ ತೊಂದರೆಗಳು: ಏಪ್ರಿಲ್ 5ರ ಸುಮಾರಿಗೆ ಅವರು ಹಿರಿಯರ ಸಮಾಧಿಗಳನ್ನು ಗುಡಿಸಿ ಶುಚಿಮಾಡುವ ಚಿಂಗ್‌ಮಿಂಗ್ ಹಬ್ಬ, ಮೇ 1ರಿಂದ ಕಾರ್ಮಿಕರ ದಿನದ ರಜೆ. ಆ ದಿನಗಳಲ್ಲಿ ಇಡೀ ದೇಶವೇ ರೈಲು ಹತ್ತುತ್ತದೆ. ಈ ಎರಡು ನೂಕುನುಗ್ಗಲಿನ ನಡುವೆ ಏಪ್ರಿಲ್ 8ರಿಂದ 25ರವರೆಗೆ ಒಂದು ತೆರವು ಸಿಕ್ಕಿತು. ಲುವೊಯಾಂಗ್ ಪಟ್ಟಣದಲ್ಲಿ ಪಿಯೊನಿ ಹೂವು ಅರಳುವುದೂ ಏಪ್ರಿಲಿನಲ್ಲಿಯೇ. ಹೂವಿಗೂ ಹಬ್ಬಕ್ಕೂ ಹೀಗೆ ಹೊಂದಿಕೆಯಾದುದನ್ನು ಕಂಡು, ಬ್ಯಾಂಕಿನ ಲೆಕ್ಕವೂ ಎಂದಾದರೂ ಹೀಗೆ ತಾಳೆಯಾಗಿತ್ತೇ ಎಂದು ಯೋಚಿಸಿದೆ.

ಈ ಹದಿನೆಂಟು ದಿನಗಳಲ್ಲಿ ಮೂರು ಶುಕ್ರವಾರಗಳು ಬರುತ್ತವೆ: 9, 16, 23. ಪ್ರಯಾಣಿಕನಿಗೆ ನಮಾಜಿನಲ್ಲಿ ರಿಯಾಯಿತಿಯುಂಟು. ನಾಲ್ಕು ರಕಾತುಗಳನ್ನು ಎರಡಕ್ಕೆ ಇಳಿಸಬಹುದು. ಶುಕ್ರವಾರದ ಸಾಮೂಹಿಕ ನಮಾಜೂ ದಾರಿಹೋಕನಿಗೆ ಕಡ್ಡಾಯವಲ್ಲ. ಆದರೂ ಹಳೆಯ ಪಟ್ಟಣದ ಹಳೆಯ ಮಸೀದಿಯಲ್ಲಿ ಅಲ್ಲಿನ ಜನರ ಭುಜಕ್ಕೆ ಭುಜ ತಾಗಿಸಿ ನಿಲ್ಲುವುದಕ್ಕಲ್ಲದೆ ಮತ್ತೇಕೆ ಹೋಗುವುದು? ಆದ್ದರಿಂದ ಮೂರು ಶುಕ್ರವಾರಗಳನ್ನು ಗೋಡೆಗೆ ಮೂರು ಗೂಟಗಳಂತೆ ಹೊಡೆದು, ಉಳಿದ ದಿನಗಳನ್ನು ಅವಕ್ಕೆ ತೂಗುಹಾಕಿದೆವು. ಗಡಿಯಾರದ ಒಂದು ತೊಡಕಿದೆ. ಅಷ್ಟು ದೊಡ್ಡ ದೇಶಕ್ಕೆಲ್ಲ ಬೀಜಿಂಗಿನದೊಂದೇ ವೇಳೆ. ಪಶ್ಚಿಮಕ್ಕಿರುವ ಶೀಆನ್‌ನಲ್ಲಿ ಸೂರ್ಯ ನೆತ್ತಿಗೆ ಬರುವಾಗ ಹನ್ನೆರಡು ಮುಕ್ಕಾಲಾಗಿರುತ್ತದೆ. ಕೈಗಡಿಯಾರವನ್ನು ಬಿಟ್ಟು ಸೂರ್ಯನನ್ನೇ ನಂಬಬೇಕು. ದಿಕ್ಕಿನ ತೊಡಕು ಮಾತ್ರ ಇಲ್ಲ. ಮೈಸೂರಿನಲ್ಲಿ ಮುಖ ಪಶ್ಚಿಮಕ್ಕೆ. ಪೂರ್ವಕ್ಕೆ ಅಷ್ಟು ದೂರ ಹೋದರೂ ಪಶ್ಚಿಮಕ್ಕೇ.

ಇಷ್ಟೆಲ್ಲ ಕಟ್ಟುಪಾಡುಗಳನ್ನು ಹೇರಿದ ಮೇಲೆ ಭೂಪಟದಲ್ಲಿ ಏನುಳಿದೀತೆಂದು ನಮಗೆ ಅಳುಕಿತ್ತು. ಉಳಿದದ್ದನ್ನು ಕಂಡು ಬೆರಗಾಯಿತು. ಚಿಂಗ್‌ಝೆನ್ ಊಟ ಸಿಕ್ಕುವುದು ಮಸೀದಿಯ ಸುತ್ತ. ಮಸೀದಿಯಿರುವುದು ಕಟುಕರು, ರೊಟ್ಟಿಯವರು, ನೂಡಲ್ಸ್ ಎಳೆಯುವವರು ತಲೆಮಾರುಗಳಿಂದ ಬಾಳಿದ ಓಣಿಗಳ ನಡುವೆ. ಆ ಓಣಿಗಳಿರುವುದು ಪಟ್ಟಣದ ಹಳೆಯ ಒಡಲಿನಲ್ಲಿ. ಹೊಟ್ಟೆಯ ಪ್ರಶ್ನೆಯನ್ನು ಹಿಡಿದು ಹೊರಟರೆ ಅದು ತಾನಾಗಿ ಊರಿನ ಒಳಮನೆಗೆ ಕರೆದೊಯ್ಯುತ್ತದೆ. ನಾವು ಇಂದು ಕೇಳುತ್ತಿರುವ ಪ್ರಶ್ನೆಯನ್ನೇ ಅಲ್ಲಿಗೆ ಸಾವಿರ ವರ್ಷದ ಹಿಂದೆ ಹೋದ ಅರಬರೂ ಪಾರಸಿಗಳೂ ಕೇಳಿ, ಉತ್ತರ ಸಿಗುವವರೆಗೂ ಅಲ್ಲಿಯೇ ಉಳಿದು, ಮದುವೆಯಾಗಿ, ಚೀನೀಯರೇ ಆಗಿಬಿಟ್ಟರು. ಅವರ ಸಂತತಿಯಾದ ಹ್ವೇ ಜನ ಇಂದು ಒಂದು ಕೋಟಿಗೂ ಮಿಕ್ಕಿ ಇದ್ದಾರೆ.

ನಮ್ಮ ಮೊದಲ ಗೂಟ ಗ್ವಾಂಗ್‌ಝೌ; ನಮ್ಮ ಬಾಲ್ಯದ ಭೂಗೋಳ ಪುಸ್ತಕದ ಕ್ಯಾಂಟನ್. 2020ರಲ್ಲಿ ನಿಂತುಹೋಗಿದ್ದ ನೇರ ವಿಮಾನ 2025ರ ಅಕ್ಟೋಬರ್ 26ರಂದು ಕಲ್ಕತ್ತೆಯಿಂದ ಮತ್ತೆ ಹೊರಟದ್ದು ಈ ಊರಿಗೇ. ಇಲ್ಲಿಯ ಹ್ವಾಯ್‌ಷೆಂಗ್ ಮಸೀದಿಯನ್ನು ಪ್ರವಾದಿಯವರ ಸಂಗಾತಿಯೊಬ್ಬರೇ ಕಟ್ಟಿದರೆಂದು ಊರಿನ ನಂಬಿಕೆ; ಇತಿಹಾಸಕಾರರು ಒಪ್ಪುವುದಿಲ್ಲ. ರಾಯರೂ ಒಪ್ಪಲಿಲ್ಲ. ಆದರೆ ಅದರ ಎತ್ತರದ ಮಿನಾರು ಒಂದು ಕಾಲಕ್ಕೆ ಹಡಗುಗಳಿಗೆ ದೀಪಸ್ತಂಭವೂ ಆಗಿತ್ತೆಂದು ಓದಿ ತಲೆದೂಗಿದರು. ಬಾಂಗಿನಿಂದ ನೆಲದವರನ್ನೂ ಬೆಳಕಿನಿಂದ ಕಡಲಿನವರನ್ನೂ ಕರೆಯುವ ಗೋಪುರ.

ಅಲ್ಲಿಂದ ಕರಾವಳಿ ಹಿಡಿದು ಚ್ವಾನ್‌ಝೌ. ಅರಬರು ಇದನ್ನು ಜೈತೂನ್ ಎಂದು ಕರೆದರು. ಹದಿನಾಲ್ಕನೆಯ ಶತಮಾನದಲ್ಲಿ ಇಬ್ನ್ ಬತೂತ ಇಲ್ಲಿಗೆ ಬಂದಿಳಿದ. ಅದಕ್ಕೆ ಮೊದಲು ಅವನು ನಮ್ಮ ಹೊನ್ನಾವರ, ಮಂಗಳೂರುಗಳನ್ನು ನೋಡಿದ್ದ. ಇಲ್ಲಿಯ ಕಲ್ಲಿನ ಮಸೀದಿ ಹುಟ್ಟಿದ್ದು 1009ರಲ್ಲಿ. ಪ್ರಾರ್ಥನಾ ಮಂದಿರಕ್ಕೆ ಈಗ ಮಾಡಿಲ್ಲ. ಗೋಡೆಗಳ ನಡುವೆ ಆಕಾಶವಿದೆ. ಮುಸಲ್ಮಾನರಿಗೆ ಯಾರೂ ಕಿರುಕುಳ ಕೊಡಕೂಡದೆಂದು ಯೋಂಗ್ಲ ಚಕ್ರವರ್ತಿ 1407ರಲ್ಲಿ ಹೊರಡಿಸಿದ ಆಜ್ಞೆಯನ್ನು ಕೆತ್ತಿದ ಕಲ್ಲು ಆ ಮಸೀದಿಯಲ್ಲಿದೆ. ಊರ ಹೊರಗಿನ ಗುಡ್ಡದ ಗೋರಿಗಳ ಬಳಿಗೆ 1417ರಲ್ಲಿ ನೌಕಾಧಿಪತಿ ಝೆಂಗ್ ಹ, ತಾನೂ ಮುಸಲ್ಮಾನನಾದುದರಿಂದ, ಯಾನಕ್ಕೆ ಮೊದಲು ಬಂದು ಪ್ರಾರ್ಥಿಸಿದ. ಅವನ ಹಡಗುಗಳು ಹಲವು ಸಲ ಕಲ್ಲಿಕೋಟೆಗೆ ಬಂದು ಹೋದವು. ರಾಯರಿಗೂ ಈ ಊರಿನಲ್ಲಿ ಪಾಲುಂಟು. ತಮಿಳು ವರ್ತಕರು ಇಲ್ಲಿ ಶಿವಾಲಯ ಕಟ್ಟಿದ್ದರು. 1281ರ ತಮಿಳು ಶಾಸನ ಸಿಕ್ಕಿದೆ. ಆ ಕಾಲದ ಕಂಬಗಳನ್ನು ಕೈಯುವಾನ್ ಎಂಬ ಬೌದ್ಧ ದೇಗುಲದ ಹಿಂಬದಿಯಲ್ಲಿ ನಿಲ್ಲಿಸಿದ್ದಾರೆ. ಅವುಗಳ ಮೇಲೆ ನರಸಿಂಹನೂ ಕೃಷ್ಣನೂ ಇದ್ದಾರೆ. "ಬುದ್ಧನ ಮನೆಯಲ್ಲಿ ನರಸಿಂಹ ಬಾಡಿಗೆಗಿದ್ದಾನೆ ಅನ್ನಿ," ಎಂದರು ರಾಯರು.

ಇಲ್ಲಿಂದ ಉತ್ತರಕ್ಕೆ ಒಂದು ದೊಡ್ಡ ನೆಗೆತ, ಹಳದಿ ನದಿಯ ಬಯಲಿನ ಕೈಫೆಂಗಿಗೆ. ಗೂಟದ ದಿನವಲ್ಲದಿದ್ದರೂ ಪ್ರವಾಸದ ನಡುಗಂಬ ಇದೇ. ಅದಕ್ಕೆ ಕಾರಣ ನನ್ನಾಕೆ.

ಆಕೆ ಮೂವತ್ತು ವರ್ಷಗಳಿಂದ ನಮ್ಮ ಜಗಲಿಯ ಮೇಲೆ ಸಂಜೆಯ ಹೊತ್ತು ಕೇರಿಯ ಹುಡುಗಿಯರಿಗೆ ಕುರಾನು ಓದಲು ಕಲಿಸುತ್ತಿದ್ದಾಳೆ. ಅವಳ ಶಿಷ್ಯೆಯರಲ್ಲಿ ಕೆಲವರು ಈಗ ಅಜ್ಜಿಯರು. ಆದರೆ ನಮ್ಮ ಕೇರಿಯ ಮಸೀದಿಯಲ್ಲಿ ಹೆಂಗಸರು ನಿಲ್ಲಲು ಜಾಗವಿಲ್ಲ. ಊರೂರು ಸುತ್ತಿದಾಗಲೂ ಅಷ್ಟೆ: ನಾನು ಒಳಗೆ ಹೋಗುತ್ತೇನೆ; ಆಕೆ ಮರದ ನೆರಳಿನಲ್ಲಿ ನನ್ನ ಚಪ್ಪಲಿಯ ಹತ್ತಿರ ಕೂತಿರುತ್ತಾಳೆ. ಇದರ ಬಗ್ಗೆ ಆಕೆ ಜಗಳವಾಡಿದವಳಲ್ಲ. ಒಂದು ಸಂಜೆ ರಾಯರು ಪುಸ್ತಕದಿಂದ ಓದಿ ಹೇಳುತ್ತಿದ್ದರು: ಚೀನಾದ ನಡುನಾಡಿನಲ್ಲಿ ಹ್ವೇ ಜನರು ಮುನ್ನೂರು ವರ್ಷಗಳ ಕೆಳಗೆ ಹೆಣ್ಣುಮಕ್ಕಳಿಗೆಂದು ಕುರಾನಿನ ಶಾಲೆಗಳನ್ನು ತೆರೆದರು, ಕಾಲಕ್ರಮದಲ್ಲಿ ಆ ಶಾಲೆಗಳೇ ಹೆಂಗಸರ ಮಸೀದಿಗಳಾದವು, ಅಲ್ಲಿ ಪಾಠ ಹೇಳುವವರೂ ಪ್ರಾರ್ಥನೆ ನಡೆಸುವವರೂ ಹೆಂಗಸರೇ, ಅವರನ್ನು 'ಆಹೋಂಗ್' ಎಂದು ಗೌರವದಿಂದ ಕರೆಯುತ್ತಾರೆ, ಕೈಫೆಂಗಿನ ವಾಂಗ್ ಮನೆತನದ ಓಣಿಯಲ್ಲಿರುವ ಹೆಂಗಸರ ಮಸೀದಿ 1820ರದು. ನನ್ನಾಕೆ ಅಕ್ಕಿ ಆರಿಸುತ್ತಿದ್ದವಳು ಮೊರವನ್ನು ಕೆಳಗಿಟ್ಟಳು.

"ಮೊದಲು ಶಾಲೆ, ಆಮೇಲೆ ಮಸೀದಿಯೇ, ರಾಯರೇ?"

"ಹಾಗೇ ಬರೆದಿದ್ದಾರಮ್ಮ."

"ಹಾಗಾದರೆ ನಮ್ಮ ಜಗಲಿಗೆ ಇನ್ನೂ ಕಾಲವಿದೆ," ಎಂದಳು. ಸ್ವಲ್ಪ ಹೊತ್ತು ಸುಮ್ಮನಿದ್ದು ನನ್ನ ಕಡೆ ತಿರುಗಿ, "ಅಲ್ಲಿ ನೀವು ಹೊರಗೆ ಕೂತಿರಿ. ನನ್ನ ಚಪ್ಪಲಿ ನೋಡಿಕೊಳ್ಳಿ," ಎಂದಳು.

ರಾಯರು ನಕ್ಕರು, ನಾನೂ ನಕ್ಕೆ. ಆಕೆ ನಗಲಿಲ್ಲ. ಹೊನ್ನಾವರದಲ್ಲಿ ಹುಡುಗಿಯರಿಗೆ ಹದಿಮೂರು ಶಾಲೆಗಳನ್ನು ಕಂಡೆನೆಂದೂ ಅಲ್ಲಿಯ ಹೆಂಗಸರಿಗೆ ಕುರಾನು ಕಂಠಪಾಠವಾಗಿತ್ತೆಂದೂ ಇಬ್ನ್ ಬತೂತ ಹೇಳಿರುವುದನ್ನು ರಾಯರು ಆಮೇಲೆ ತಿಳಿಸಿದಾಗ, "ನಮ್ಮ ಕಡೆಯೂ ಇತ್ತಲ್ಲ ಮತ್ತೆ," ಎಂದಷ್ಟೇ ಹೇಳಿ ಮೊರವನ್ನು ಕೈಗೆತ್ತಿಕೊಂಡಳು. ಅಂದಿನಿಂದ ಪ್ರವಾಸ ನನ್ನದಾಗಿ ಉಳಿಯಲಿಲ್ಲ.

ಲುವೊಯಾಂಗ್ ರಾಯರ ದಿನ. ಹೂವಿನ ತೋಟಗಳು, ಬೆಟ್ಟದ ಬಂಡೆಯಲ್ಲಿ 2,300ಕ್ಕೂ ಹೆಚ್ಚು ಗುಹೆ ಗೂಡುಗಳನ್ನು ಕೊರೆದು ಬುದ್ಧರನ್ನು ತುಂಬಿದ ಲಾಂಗ್‌ಮೆನ್, ಕ್ರಿ.ಶ. 68ರಷ್ಟು ಹಿಂದೆ ಭಾರತದ ಭಿಕ್ಷುಗಳಿಗಾಗಿ ಕಟ್ಟಿದರೆಂದು ಹೇಳುವ ಬಿಳಿ ಕುದುರೆಯ ವಿಹಾರ. ಅದರ ಆವರಣದಲ್ಲಿ ಭಾರತದ ನೆರವಿನಿಂದ ನಮ್ಮ ಶೈಲಿಯಲ್ಲಿ ಕಟ್ಟಿದ ಮಂದಿರವೊಂದನ್ನು 2010ರಲ್ಲಿ ರಾಷ್ಟ್ರಪತಿ ಪ್ರತಿಭಾ ಪಾಟೀಲರು ತೆರೆದರು.

ಎರಡನೆಯ ಗೂಟ ಶೀಆನ್, ಹಳೆಯ ಚಾಂಗ್‌ಆನ್. ನೆಲದಡಿಯ ಮಣ್ಣಿನ ಸೈನಿಕರನ್ನು ನೋಡಲು ಲೋಕವೆಲ್ಲ ಬರುವ ಊರು. ಹ್ಯೂಯೆನ್‌ತ್ಸಾಂಗ್ ಇಲ್ಲಿಂದಲೇ ಹೊರಟು, ನಮ್ಮ ಇಮ್ಮಡಿ ಪುಲಿಕೇಶಿಯ ರಾಜ್ಯವನ್ನು ಕಂಡು ಬರೆದು, 645ರಲ್ಲಿ ಇಲ್ಲಿಗೇ ಹಿಂದಿರುಗಿದ. ಅವನು ತಂದ ಗ್ರಂಥಗಳನ್ನಿಡಲು 652ರಲ್ಲಿ ಕಟ್ಟಿದ ಗೋಪುರ ಇನ್ನೂ ನಿಂತಿದೆ. ಬಾದಾಮಿಯ ಸುದ್ದಿ ತಲುಪಿದ ಊರೆಂದು ರಾಯರು ಅದಕ್ಕೆ ಅರ್ಧ ದಿನ ಕೇಳಿದ್ದಾರೆ, ಕೊಟ್ಟಿದ್ದೇವೆ. ನಮ್ಮ ಅರ್ಧ ದಿನ ನಗಾರಿ ಗೋಪುರದ ಹಿಂದಿನ ಓಣಿಗಳಿಗೆ. ಅಲ್ಲಿಯ ದೊಡ್ಡ ಮಸೀದಿಯ ಈಗಿನ ರೂಪ 1392ರ ಸುಮಾರಿನದು. ಗುಮ್ಮಟವಿಲ್ಲ, ಮಿನಾರಿಲ್ಲ, ಬಾಗಿದ ಮಾಡುಗಳು, ಒಂದರ ಹಿಂದೊಂದು ಅಂಗಳಗಳು, ಮರಗಳು, ಚೀನೀ ಮಂಟಪ. ಚೀನಾದ ಗುಡಿಗಳು ದಕ್ಷಿಣಕ್ಕೆ ಮುಖಮಾಡಿದರೆ ಇದೊಂದು ಪೂರ್ವದಿಂದ ಪಶ್ಚಿಮಕ್ಕೆ ಮಲಗಿದೆ. ಉಡುಪು ಊರಿನದು, ಮುಖ ಮಕ್ಕಾದ ಕಡೆಗೆ. ಕನ್ನಡ ಮಾತಾಡಿ ಕುರಾನು ಓದುವ ನಮಗೆ ಇದನ್ನು ವಿವರಿಸಿ ಹೇಳಬೇಕಾಗಿಲ್ಲ. ಒಳಮಂದಿರಕ್ಕೆ ಅನ್ಯಧರ್ಮದವರಿಗೆ ಪ್ರವೇಶವಿಲ್ಲ. ನಾನು ನಮಾಜು ಮುಗಿಸಿ ಬರುವವರೆಗೆ ರಾಯರು ಅಂಗಳದ ಶಿಲಾಶಾಸನಗಳನ್ನು ನೋಡುತ್ತಿರುತ್ತಾರೆ. ಆಮೇಲೆ ನಮಗೆ 'ಪಾವ್‌ಮೊ'. ಗಟ್ಟಿ ರೊಟ್ಟಿಯನ್ನು ಉಣ್ಣುವವನ ಕೈಗೇ ಕೊಡುತ್ತಾರೆ. ಅವನು ಕೂತು ಅದನ್ನು ಕಾಳಿನಷ್ಟು ಸಣ್ಣದಾಗಿ ಮುರಿದು ಬಟ್ಟಲು ತುಂಬಿಸಬೇಕು. ಆಮೇಲೆ ಅದಕ್ಕೆ ಕುರಿಯ ಎಸರು. ಮುರಿಯುವ ಹೊತ್ತೆಲ್ಲ ಮಾತಿನ ಹೊತ್ತು. ಉಣ್ಣದಿದ್ದರೂ ಮುರಿದುಕೊಡಲು ತಮಗೆ ಅಡ್ಡಿಯಿಲ್ಲವೆಂದಿದ್ದಾರೆ ರಾಯರು.

ಅಲ್ಲಿಂದ ಬೀಜಿಂಗಿಗೆ ಸುಮಾರು 1,200 ಕಿಲೋಮೀಟರು. ರೈಲಿಗೆ ಐದಾರು ಗಂಟೆ. ಮೂರನೆಯ ಶುಕ್ರವಾರ ನ್ಯೂಜಿಯೆ, ಎಂದರೆ ದನದ ಬೀದಿಯ ಮಸೀದಿಯಲ್ಲಿ, 996ರಲ್ಲಿ ಸ್ಥಾಪನೆಯಾದುದು. ಆವರಣದಲ್ಲಿ ಹೊರನಾಡಿನಿಂದ ಬಂದ ಇಬ್ಬರು ಗುರುಗಳು ಮಣ್ಣಾಗಿದ್ದಾರೆ.

ಯೋಜನೆ ಇಲ್ಲಿಗೆ ಮುಗಿಯಿತೆಂದು ತಿಳಿದು, ಬೆಂಗಳೂರಿನಲ್ಲಿರುವ ಮಗಳಿಗೆ ಟೆಲಿಫೋನಿನಲ್ಲಿ ಎಲ್ಲವನ್ನೂ ಉತ್ಸಾಹದಿಂದ ಓದಿ ಹೇಳಿದೆ. ಅವಳು ಕೊನೆಯವರೆಗೂ ಕೇಳಿ, "ಅಬ್ಬಾ, ಅಲ್ಲಿಗೆ ಹೋಗಬೇಕೆ?" ಎಂದಳು.

ಅವಳ ಮಾತನ್ನು ಹಗುರವಾಗಿ ತಳ್ಳಿಹಾಕುವಂತಿಲ್ಲ. ಆ ದೇಶದ ಪಶ್ಚಿಮದಲ್ಲಿ, ಶಿಂಜಿಯಾಂಗಿನಲ್ಲಿ, ಉಯಿಘರ್ ಮುಸಲ್ಮಾನರನ್ನು ಸಾಮೂಹಿಕವಾಗಿ ಬಂಧನದಲ್ಲಿಟ್ಟ ರೀತಿ ಮಾನವತೆಯ ವಿರುದ್ಧದ ಅಪರಾಧವಾಗಬಹುದೆಂದು ವಿಶ್ವಸಂಸ್ಥೆಯ ಮಾನವ ಹಕ್ಕುಗಳ ಕಛೇರಿ 2022ರ ಆಗಸ್ಟಿನಲ್ಲಿ ವರದಿ ಮಾಡಿತು. ಚೀನಾ ಸರ್ಕಾರ ಅದನ್ನು ಅಲ್ಲಗಳೆಯಿತು. ಹ್ವೇ ಜನರಿಗೂ ಬಿಸಿ ತಟ್ಟದೆ ಇಲ್ಲ. ಧರ್ಮವನ್ನು ಚೀನೀಕರಣಗೊಳಿಸಬೇಕೆಂಬ ನೀತಿಯಲ್ಲಿ ಎಷ್ಟೋ ಮಸೀದಿಗಳ ಗುಮ್ಮಟಗಳನ್ನು ಇಳಿಸಿದರು. 2019ರಲ್ಲಿ ಬೀಜಿಂಗಿನ ಚಿಂಗ್‌ಝೆನ್ ಅಂಗಡಿಗಳ ಫಲಕಗಳಿಂದ ಅರಬಿ ಅಕ್ಷರವನ್ನೂ ಅರ್ಧಚಂದ್ರವನ್ನೂ ತೆಗೆಸಿದರು. 'ಹಲಾಲ್' ಎಂದು ಅರಬಿಯಲ್ಲಿ ಬರೆದಿರುತ್ತದೆ, ನೋಡಿಕೊಂಡು ಒಳಗೆ ಹೋಗಿ ಎಂದು ಹಿಂದಿನ ಪ್ರವಾಸಿಗಳು ಬರೆದ ಸಲಹೆ ಅಲ್ಲಿ ಈಗ ಕೆಲಸಕ್ಕೆ ಬಾರದು. ನಾವು ಮೂರು ಹನಿಯ ಅಕ್ಷರವನ್ನು ಕಲಿಯುತ್ತಿರುವುದಕ್ಕೆ ಅದೂ ಒಂದು ಕಾರಣ.

"ಅಷ್ಟು ಕಷ್ಟದಲ್ಲಿರುವವರ ನಡುವೆ ನೀವು ಹೂವಿನ ಚಿತ್ರ ತೆಗೆದುಕೊಂಡು, ಊಟ ಚೆನ್ನಾಗಿತ್ತೆಂದು ಬರೆಯುತ್ತೀರಾ?" ಎಂದಳು ಮಗಳು.

ಎರಡು ದಿನ ಭೂಪಟವನ್ನು ಬಿಚ್ಚಲಿಲ್ಲ. ಇತಿಹಾಸ ಬಲ್ಲ ರಾಯರೂ ಬಾಯಿ ತೆರೆಯಲಿಲ್ಲ. 1407ರ ಆಜ್ಞೆಯ ಕಲ್ಲು, 2019ರ ಆಜ್ಞೆ—ಎರಡೂ ಒಂದೇ ದೇಶದವು. ಒಂದನ್ನು ತೋರಿಸಿ ಇನ್ನೊಂದನ್ನು ಮರೆಸುವುದು ಪ್ರಾಮಾಣಿಕನ ಕೆಲಸವಲ್ಲ. ಹಾಗೆಂದು ಹೋಗದೆ ಇದ್ದರೆ ಯಾರಿಗೇನು ಉಪಕಾರವಾದೀತೆಂಬುದೂ ನನಗೆ ಹೊಳೆಯಲಿಲ್ಲ. ನಮ್ಮ ನಾಲ್ವರ ಮುನಿಸಿನಿಂದ ಬೀಜಿಂಗಿನ ಸಚಿವಾಲಯದಲ್ಲಿ ಎಲೆಯೂ ಅಲ್ಲಾಡದು. ನಾವು ಹೋಗುವುದರಿಂದ ಇಳಿದ ಗುಮ್ಮಟವೂ ಏರದು.

ಮೂರನೆಯ ದಿನ ಮಗಳು ಮತ್ತೆ ಟೆಲಿಫೋನು ಮಾಡಿದಾಗ ನನ್ನಾಕೆ ಮಾತಾಡಿದಳು. ಆಕೆ ಹೇಳಿದ್ದು ಇಷ್ಟು: "ನೆಂಟರ ಮನೆಯಲ್ಲಿ ಮದುವೆಯಾದರೆ ಎಲ್ಲರೂ ಹೋಗುತ್ತಾರೆ. ಮನೆಗೆ ಕಷ್ಟ ಬಂದಾಗ ಹೋದವರನ್ನು ಮಾತ್ರ ಅವರು ನೆನಪಿಡುತ್ತಾರೆ. ನಾವು ಅಲ್ಲಿ ಭಾಷಣ ಮಾಡಲು ಹೋಗುವುದಿಲ್ಲ. ನಿಮಗೇನು ಕಷ್ಟವೆಂದು ಕೇಳಿ ಅವರನ್ನು ಇಕ್ಕಟ್ಟಿಗೆ ಸಿಕ್ಕಿಸುವುದೂ ಇಲ್ಲ. ಸಲಾಂ ಹೇಳುತ್ತೇವೆ, ಅವರ ಕೈಯ ಅನ್ನ ಉಣ್ಣುತ್ತೇವೆ, ದುಡ್ಡು ಕೊಡುತ್ತೇವೆ, ಪಕ್ಕದಲ್ಲಿ ನಿಂತು ನಮಾಜು ಮಾಡುತ್ತೇವೆ. ಹೆಂಗಸರು ಇನ್ನೂರು ವರ್ಷ ಕಾಯ್ದುಕೊಂಡು ಬಂದ ಕೋಣೆಯದು ಮಗಳೇ. ಬಾಗಿಲು ತೆರೆದಿರುವಾಗ ಒಮ್ಮೆ ಹೋಗಿಬರಬೇಕು."

ಮಗಳು ಒಪ್ಪಿದಳೆಂದು ಹೇಳಲಾರೆ. "ಹೋಗಿಬನ್ನಿ, ಆದರೆ ಹೂವಿನ ಮಾತಷ್ಟನ್ನೇ ಬರೆಯಬೇಡಿ, ಅಬ್ಬಾ," ಎಂದಳು. ಅವಳ ಮಾತನ್ನು ಉಳಿಸಿಕೊಳ್ಳಲೆಂದೇ ಇದನ್ನು ಹೊರಡುವ ಮೊದಲೇ ಬರೆದಿಟ್ಟಿದ್ದೇನೆ.

ಈಗ ಸಿದ್ಧತೆ ನಡೆದಿದೆ. ಅಲ್ಲಿ ನೋಟಿಗಿಂತ ಟೆಲಿಫೋನಿನಲ್ಲಿಯೇ ಹಣ ಕೊಡುವ ರೂಢಿ ಹೆಚ್ಚಾದುದರಿಂದ, ಅದನ್ನು ಇಲ್ಲಿಯೇ ಜೋಡಿಸಿಕೊಡುವ ಹೊಣೆಯನ್ನು ಮಗಳು ಹೊತ್ತಿದ್ದಾಳೆ; ನಾವು ದಿನವೂ ನೋಡುವ ಗೂಗಲ್ ಭೂಪಟ ಅಲ್ಲಿ ನಡೆಯದೆಂದು ಎಚ್ಚರಿಸಿದವಳೂ ಅವಳೇ. 'ನಾವು ಹಂದಿಯನ್ನೂ ಮದ್ಯವನ್ನೂ ಮುಟ್ಟುವುದಿಲ್ಲ' ಎಂದು ಚೀನೀ ಅಕ್ಷರದಲ್ಲಿ ಒಂದು ಚೀಟಿ ನಮಗೆ. 'ನಾವು ಮಾಂಸ, ಮೀನು, ಮೊಟ್ಟೆ, ಈರುಳ್ಳಿ, ಬೆಳ್ಳುಳ್ಳಿ ಏನನ್ನೂ ಮುಟ್ಟುವುದಿಲ್ಲ' ಎಂದು ಇನ್ನೂ ಉದ್ದದ ಚೀಟಿ ರಾಯರಿಗೆ. ಅವರ ಮನೆಯವರು ಬೆಳಗ್ಗೆ ರಂಗೋಲಿ ಇಡುವಾಗ ಪಕ್ಕದಲ್ಲಿ 'ಸು' ಅಕ್ಷರವನ್ನು ಬರೆದು ಕೈ ತಿದ್ದಿಕೊಳ್ಳುತ್ತಿದ್ದಾರೆ.

ಕೈಫೆಂಗಿನ ಆಹೋಂಗಮ್ಮನವರಿಗೆ ಏನು ಒಯ್ಯುವುದೆಂದು ನನ್ನಾಕೆ ಬಹಳ ದಿನ ಯೋಚಿಸಿದಳು. ಸೀರೆ ಅವರು ಉಡುವುದಿಲ್ಲ. ಮೈಸೂರು ಪಾಕಿನ ತುಪ್ಪ ದಾರಿಯಲ್ಲಿ ಕೆಟ್ಟೀತು. ಕೊನೆಗೆ ಮೈಸೂರಿನ ಗಂಧದ ಸೋಪು ಒಂದು ಡಜನ್ ತಂದಿಟ್ಟಿದ್ದಾಳೆ. ವಜೂ ಮಾಡುವ ಜಾಗದಲ್ಲಿ ಸೋಪು ಯಾರಿಗೂ ಹೆಚ್ಚಾಗುವುದಿಲ್ಲವೆಂಬುದು ಅವಳ ವಾದ. ಕಪಾಟು ತೆರೆದಾಗಲೆಲ್ಲ ಗಂಧದ ಪರಿಮಳ ಬರುತ್ತದೆ. ಏಪ್ರಿಲಿಗೆ ಇನ್ನೂ ಬಹಳ ದಿನಗಳಿವೆ.